ಟಿಕೆಟಿನ ಬೆನ್ನು

ಮೆಷಿನ್ ಬಂದ ಮೇಲೆ ಕಾಗದದ ಟಿಕೆಟು ಯಾರಿಗೂ ಬೇಡವಾಯಿತು.
ಉಳಿದ ಕಟ್ಟುಗಳನ್ನು ಅಪ್ಪ ಮನೆಗೆ ತಂದು
ಅಕ್ಕಿ ಡಬ್ಬದ ಮೇಲಿಟ್ಟರು,
ಹಳದಿ ಐದರದ್ದು, ಗುಲಾಬಿ ಹತ್ತರದ್ದು.
ಬೆನ್ನು ಖಾಲಿ.
ನನಗೆ ಅಷ್ಟೇ ಬೇಕಿತ್ತು.

ಎಂಟ್ರೆನ್ಸಿಗೆ ಎಂಟುನೂರು ಶಬ್ದ ಅಂದಿದ್ದರು ಜೆಸಿಂತಾ ಟೀಚರ್,
ದಿನಕ್ಕೆ ಹತ್ತರಂತೆ.
ಹರಿಯುವ ಭಾಗದಲ್ಲಿ ಇಂಗ್ಲಿಷು,
ಕಟ್ಟಿನಲ್ಲಿ ಉಳಿಯುವ ಅಡಿಚೂರಿನಲ್ಲಿ ಕನ್ನಡದ ಅರ್ಥ.
ಮಡಚುವುದು, ಹೇಳುವುದು, ಬಿಡಿಸಿ ನೋಡುವುದು,
ತಪ್ಪಿದರೆ ನನಗೆ ನಾನೇ ತುಳುವಿನಲ್ಲಿ ಬೈದುಕೊಳ್ಳುವುದು.
ಆಬ್ಡ್ಯುರೇಟ್: ಕರಗದ ಮನಸ್ಸಿನವನು.
ಪಕ್ಕದಲ್ಲಿ ಪೆನ್ಸಿಲಿನಿಂದ: ಚೆಕ್ಕಿಂಗ್ ಇನ್ಸ್‌ಪೆಕ್ಟರ್.
ಕೆಲವು ಬೂತಾಯಿ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತವು,
ಅನ್ನದ ಉಂಡೆ ನುಂಗಿದರೂ ಇಳಿಯಲಿಲ್ಲ.

ಜನವರಿಯ ಒಂದು ಸೋಮವಾರ, ಮೆಷಿನ್ ಕೆಟ್ಟು,
ನಾಲ್ಕೂವರೆಯ ಕತ್ತಲೆಯಲ್ಲಿ
ಕೈಗೆ ಸಿಕ್ಕಿದ ಎರಡು ಕಟ್ಟು ಚೀಲಕ್ಕೆ ಹಾಕಿಕೊಂಡು ಹೋದರು ಅಪ್ಪ.
ಸ್ಟೇಟ್‌ಬ್ಯಾಂಕ್‌ನಿಂದ ಸುರತ್ಕಲ್ಲಿಗೆ
ಒಂದೂವರೆ ಟ್ರಿಪ್ಪಿನೊಳಗೆ
ನನ್ನ ನೂರೆಂಭತ್ತು ಶಬ್ದ ಖರ್ಚು.

ಹಂಪನಕಟ್ಟೆಯಲ್ಲಿ, ಯಾರಿಗೋ ಚಿಲ್ಲರೆ ಬಾಕಿ ಬರೆಯಲು
ಮಗುಚಿದಾಗಲೇ ಗೊತ್ತಾಯಿತಂತೆ.
ಆದರೆ ಹಿಂದಿನ ಬಸ್ಸಿನವ ಹಾರನ್ ಒತ್ತಿ ಹಿಡಿದಿದ್ದ,
ಟೈಮಿಂಗ್ ಮೂರು ನಿಮಿಷ ಮೀರಿತ್ತು.

ಸಂಜೆ ಅಡಿಚೂರುಗಳು ಮನೆಗೆ ಬಂದವು.
ಅರ್ಥಗಳೆಲ್ಲ ಇದ್ದವು, ಶಬ್ದಗಳು ಇಳಿದು ಹೋಗಿದ್ದವು.

ನಾನು ಊಟ ಬಿಟ್ಟೆ.
ಅಮ್ಮ ಅಂದದ್ದು ಇಲ್ಲಿ ಬರೆಯುವಂಥದ್ದಲ್ಲ.
ಅಪ್ಪ ಕಾಲು ತೊಳೆದು, ಗೋಡೆಗೆ ಒರಗಿ, ಕಣ್ಣು ಮುಚ್ಚಿದರು:

"ಲಾಲ್‌ಬಾಗಿನಲ್ಲಿ ಇಳಿದದ್ದು ಮೀನಿನ ಸುಂದರಕ್ಕ,
ಒಂದು ರೂಪಾಯಿಗೆ ಲಡಾಯಿ ಮಾಡಿದವಳು.
ಅವಳದ್ದು ಸಣ್ಣದು, ಎಫ್‌ನಿಂದ ಶುರು.
ಲೇಡಿಹಿಲ್ಲಿನ ಸಿಸ್ಟರಿಗೆ ಜಿ.
ಅವರು ಬಾಯಿ ಬಿಟ್ಟದ್ದನ್ನು ನಾನು ನೋಡಿಲ್ಲ.
ಕೊಟ್ಟಾರ ಚೌಕಿಯಲ್ಲಿ ಮೊಯ್ದಿನಬ್ಬ ಮಗುಚಿ ನೋಡಿ
ಎಂತ ಲೋಕಯ್ಯ, ಇದು ಎಷ್ಟು ಬಾಕಿ ಬರೆದದ್ದು, ಅಂತ ಕೇಳಿದರು.
ಬಾಕಿ ಅಲ್ಲ ಮಾರಾಯ್ರೆ, ಮಗಳದ್ದು ಅಂದೆ.
ಬಿಸಾಡಲಿಲ್ಲ, ಕಿಸೆಗೆ ಹಾಕಿಕೊಂಡರು.
ಕೂಳೂರು ಸಂಕದ ಮೇಲೆ ಒಂದು ಗಾಳಿಗೆ ಹೋಯಿತು,
ಉದ್ದದ್ದು, ಇ-ಯಿಂದ ಶುರು.
ಹೊಳೆಗೆ ಬಿದ್ದಿರಬೇಕು."

ಏಳನೇ ಕ್ಲಾಸು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಗೊತ್ತು,
ಅವು ಕೂಡಿದರೆ ಗೊತ್ತಿಲ್ಲ.
ಆದರೆ ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು,
ಯಾರಿಗೆ ಎಷ್ಟು ಕೊಡಲಿಕ್ಕುಂಟು
ಎಂಬಲ್ಲಿ ಇಪ್ಪತ್ತೆಂಟು ವರ್ಷದಿಂದ
ಅವರ ಮೆಷಿನ್ ಕೆಟ್ಟದ್ದಿಲ್ಲ.

ನಾನು ಪೆನ್ನು ತಂದೆ.
ಅಡಿಚೂರಿಗೆ ಅಕ್ಷರ, ಅಕ್ಷರಕ್ಕೆ ಮುಖ, ಮುಖಕ್ಕೆ ಸ್ಟಾಪು.
ಪಣಂಬೂರಿನ ಗೊಬ್ಬರದ ವಾಸನೆ ಬರುವ ಹೊತ್ತಿಗೆ
ತೊಂಬತ್ತಾರು ವಾಪಸು ಸಿಕ್ಕಿದವು.
ಬೈಕಂಪಾಡಿಯಲ್ಲಿ ಒಡಿಶಾದ ಹುಡುಗರು
ಒಟ್ಟಿಗೆ ಹನ್ನೊಂದು ಒಯ್ದಿದ್ದರು,
ಅವು ಯಾವುವೆಂದು ಅಪ್ಪನಿಗೂ ಹೊಳೆಯಲಿಲ್ಲ.
ಅನ್ನ ತಣ್ಣಗಾಗಿತ್ತು. ಇಬ್ಬರೂ ಉಂಡೆವು.

ಏಪ್ರಿಲಿನ ಹಾಲಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು.
ಮೂವತ್ತೊಂದನೇ ಪ್ರಶ್ನೆ: ಗ್ಯಾರುಲಸ್, ವಿರುದ್ಧ ಪದ ಆರಿಸಿ.
ಲೇಡಿಹಿಲ್ಲಿನಲ್ಲಿ ಸಿಸ್ಟರ್ ಒಂದು ಮಾತೂ ಆಡದೆ
ಸೀರೆಯ ನೆರಿಗೆ ಎತ್ತಿಕೊಂಡು ಇಳಿದು ಹೋದರು.
ನಾನು 'ಸಿ' ಕಪ್ಪು ಮಾಡಿದೆ.
ಐವತ್ತನೆಯದು: ಇಫೆಮರಲ್.
ಕೂಳೂರು ಸಂಕದಿಂದ ಬಗ್ಗಿ ನೋಡಿದೆ.
ನೀರು, ಮರಳು ದೋಣಿ, ಒಂದು ಗುಲಾಬಿ ಚೂರು
ಒಂದು ಕ್ಷಣ ಕಂಡು ಮುಳುಗಿತು.
ತಪ್ಪಾದರೆ ಕಾಲು ಮಾರ್ಕು ಕಡಿತ.
ಖಾಲಿ ಬಿಟ್ಟೆ.

ಹೊರಗೆ ಬಂದಾಗ ಅಪ್ಪನದ್ದೇ ಬಸ್ಸು.
ಹೇಗಾಯಿತು ಎಂದು ಕೇಳಲಿಲ್ಲ.
"ದುಂಬು ಪೋಲೆ, ದುಂಬು ಪೋಲೆ," ನನಗೂ ಸೇರಿಸಿ ಎಲ್ಲರಿಗೂ.
ಇಪ್ಪತ್ತು ಕೊಟ್ಟೆ. ಮಗಳೆಂದು ರಿಯಾಯಿತಿಯಿಲ್ಲ,
ಸಂಜೆ ಓನರಿಗೆ ಲೆಕ್ಕ ಕೊಡಬೇಕು.
ಮೆಷಿನ್ ಕಿರ್ರೆಂದು ಬಿಳಿ ನಾಲಗೆ ಚಾಚಿತು.
ಕೂತಮೇಲೆ ಮಗುಚಿ ನೋಡಿದೆ.
ಬೆನ್ನಿನಲ್ಲಿ, ನೀಲಿ ಪೆನ್ನಿನಲ್ಲಿ, ಸುತ್ತ ಒಂದು ವೃತ್ತ ಹಾಕಿ:
ಎರಡು ರೂಪಾಯಿ ಬಾಕಿ.