ಐದಕ್ಕೆ ಐದು

ಲಗ್ಗೆರೆ ಆರೋಗ್ಯ ಕೇಂದ್ರದ ಜಗಲಿ. ಬೆಂಚಿನ ಒಂದು ಕಾಲಿಗೆ
ಮಡಚಿಟ್ಟ ರಟ್ಟು. ನನ್ನ ಕೈಲಿ ಸ್ಟಾಪ್‌ವಾಚು,
ತೊಡೆಯ ಮೇಲೆ ನಮೂನೆ: ಕೆಲಸ, ಸಮಯ, ತಪ್ಪು.
ಹೊನ್ನಗಂಗಮ್ಮನಿಗೆ ನಾನಿಟ್ಟ ಹೆಸರು, ಏಳನೇ ಭಾಗಿ.

ಮೊದಲ ಕೆಲಸ: ನಿನ್ನೆಯ ಸಕ್ಕರೆ ದಾಖಲಿಸಿ.
ಅವರು ಕನ್ನಡಕ ಒರೆಸಿಕೊಂಡು, ಪರದೆಯನ್ನೂ ಒರೆಸಿದರು
ಸೆರಗಿನಲ್ಲಿ. ಒರೆಸಿದ ರಭಸಕ್ಕೆ ಮೂರು ಪುಟ ಮುಂದೋಡಿತು.
‘ತಪ್ಪು, ಒಂದು’ ಎಂದು ಬರೆದುಕೊಂಡೆ.

ಬಲಮೂಲೆಯಲ್ಲಿ ‘ಜಿಗಿಯಿರಿ’ ಅಂತಿತ್ತು.
"ಮಂಡಿನೋವಿಗೇ ಅಲ್ವೇನವ್ವಾ ನಾ ಇಲ್ಲಿಗ್ ಬರೋದು?"
ಕೆಳಗೆ ‘ಮನೆ’. "ಇದ್ ಒತ್ತಿದ್ರೆ ಮನೇಗ್ ಕಳಿಸ್ತಾರಾ?"
ಕೊನೆಗೆ, ಹಸಿರು ಗುಂಡಿಯ ಮೇಲೆ, ದಪ್ಪ ಅಕ್ಷರದಲ್ಲಿ
‘ಶರಣಾಗಿ’.
ಅದನ್ನು ಮಾತ್ರ ಅವರು ಒತ್ತಲಿಲ್ಲ.

ಸುಮ್ಮನಿರುವುದು ನನ್ನ ಕೆಲಸ. ಸುಳಿವು ಕೊಡುವಂತಿಲ್ಲ,
ಬೆರಳೆತ್ತುವಂತಿಲ್ಲ, ಉಸ್ಸೆನ್ನುವಂತಿಲ್ಲ.
ಹೊರಗೆ ರಿಂಗ್ ರೋಡಿನ ಲಾರಿಗಳು
ನನ್ನ ಪರವಾಗಿ ಹಾರ್ನು ಹೊಡೆಯುತ್ತಿದ್ದವು.

ಊಟದ ಪುಟ. ಬ್ರೆಡ್ಡು ಎಷ್ಟು ತುಂಡು, ಓಟ್ಸು ಎಷ್ಟು ಬಟ್ಟಲು.
ಮುದ್ದೆ ಇಲ್ಲ. ಅವರು ಮುಷ್ಟಿ ಹಿಡಿದು
ಫೋನಿಗೇ ತೋರಿಸಿದರು: "ಇಷ್ಟು. ರಾತ್ರಿ ಅರ್ಧ."
ಫೋನು ಕಾಯಿತು. ಕತ್ತಲಾಯಿತು.
ಕಪ್ಪು ಗಾಜಿನಲ್ಲಿ ಅವರ ಮುಖ, ಪಕ್ಕಕ್ಕೆ ಬಗ್ಗಿದ ನನ್ನದು.

ಆಮೇಲೆ ಸೊಂಟದ ಪರ್ಸಿನಿಂದ
ಮಾತ್ರೆ ಡಬ್ಬಿಯ ರಟ್ಟಿನ ಚೂರೊಂದು ತೆಗೆದರು. ಪೆನ್ಸಿಲ್ ಗೀಟು
ದಿನಕ್ಕೊಂದು; ಮಾತ್ರೆ ತಪ್ಪಿದ ದಿನ ಸೊನ್ನೆ.
ಒಂದು ಕಡೆ ಹದಿನೇಳು ಸೊನ್ನೆ, ಒತ್ತಟ್ಟಿಗೆ.
"ಆಗ ತಂಗಿ ಆಸ್ಪತ್ರೇಲಿದ್ಲು" ಎಂದರು, ಅಷ್ಟೆ.
ವಾಚು ನಿಲ್ಲಿಸಬೇಕಿತ್ತೇನೋ. ನಿಲ್ಲಿಸಲಿಲ್ಲ.

ಹನ್ನೊಂದು ನಿಮಿಷ, ನಲವತ್ತು ಸೆಕೆಂಡು. ಪೂರ್ಣಗೊಂಡಿಲ್ಲ.

ಕಡೆಯ ಪ್ರಶ್ನೆ: ಬಳಸಲು ಸುಲಭವಾಗಿತ್ತೇ, ಐದಕ್ಕೆ ಎಷ್ಟು?
ಅವರು ನನ್ನ ಕೊರಳ ಗುರುತಿನ ಚೀಟಿ ನೋಡಿದರು,
ಚಪ್ಪಲಿಯ ಸವೆದ ಹಿಮ್ಮಡಿ ನೋಡಿದರು.
"ಐದು ಹಾಕ್ಕೋ ಮಗಾ. ಕಮ್ಮಿ ಬಂದ್ರೆ ನಿನ್ನ ಬೈತಾರೇನೋ."

ಬರೆದೆ, ಐದು.
ಪಕ್ಕದ ಷರಾ ಅಂಕಣ ಅರ್ಧ ಇಂಚು.
ಅದರೊಳಗೊಂದು ಮುಷ್ಟಿ ಬಿಡಿಸಲು ನೋಡಿದೆ;
ಬರಲಿಲ್ಲ, ಆಲೂಗಡ್ಡೆಯಂತಾಯಿತು.
ಎಂಟನೆಯವರು ಬನ್ನಿ, ಎಂದೆ.