ನೆಲದ ಮೇಲಿಟ್ಟದ್ದು

ಸೊಹಾರಿನ ಹಾರ್ಡ್‌ವೇರ್ ಅಂಗಡಿಯ ಮುಂದೆ
ನಿಂತಿತ್ತು ಅದು, ಬೂದು ಪ್ಲಾಸ್ಟಿಕ್ಕಿನ ಶೆಡ್ಡು,
ಎಂಬತ್ತೊಂಬತ್ತು ರಿಯಾಲು, ಸಾಗಾಟ ಪುಕ್ಕಟೆ.
ಸೆವ್ರಿನ್ ಬಾಗಿಲು ತೆರೆದು ಮುಚ್ಚಿದಳು,
ಮತ್ತೆ ತೆರೆದು ಮುಚ್ಚಿದಳು.
ಎರಡು ಸಲವೂ ಕ್ಲಿಕ್ ಎಂದಿತು.
"ನೋಡಿ, ಹೇಗೆ ಕೂರುತ್ತದೆ."

ಕೂರುತ್ತದೆ. ಅಲ್ಲವೆನ್ನಲಿಲ್ಲ ನಾನು.
ಹದಿನೇಳು ವರ್ಷ ಬಂದರಿನ ಕ್ರೇನಿನ ಮೇಲೆ ಕೂತು
ಜಗತ್ತಿನ ರೆಡಿಮೇಡ್ ಸಾಮಾನನ್ನೆಲ್ಲ ಇಳಿಸಿದವನು,
ಈ ಶೆಡ್ಡನ್ನೂ ನಾನೇ ಇಳಿಸಿದ್ದಿರಬೇಕು
ಮುಚ್ಚಿದ ಯಾವುದೋ ಪೆಟ್ಟಿಗೆಯೊಳಗೆ.
ಎತ್ತಿದ್ದೆಲ್ಲ ಬೇರೆಯವರದ್ದು.
ಒಂದಾದರೂ
ಈ ಕೈಯಿಂದ ಎದ್ದು ನಿಲ್ಲಲಿ ಎಂಬ ಹಟ
ಐವತ್ತೆರಡಕ್ಕೆ ಬರಬಾರದಿತ್ತು, ಬಂತು.

ಇಡಲಿಕ್ಕೆ ಇದ್ದದ್ದಾದರೂ ಏನು?
ಒಂದು ಪಿಕಾಸಿ, ಎರಡು ಕತ್ತಿ,
ಬಿಸಿಲಿಗೆ ಹಾವಿನ ಹಾಗೆ ಪೊರೆ ಬಿಡುವ ನೀರಿನ ಪೈಪು,
ಆಡಿನ ಗೊಬ್ಬರ ಅರ್ಧ ಚೀಲ,
ಸೆವ್ರಿನ್ ಬೀಜ ಕಟ್ಟಿಟ್ಟ ಬಿಸ್ಕತ್ತಿನ ಡಬ್ಬಿ.

ಮನೆಯೊಡೆಯ ಖಲ್ಫಾನನ ಬಳಿ ಹೋದೆ.
ಖರ್ಜೂರ ಮುಂದಿಟ್ಟ, ಕಾವಾ ಬಗ್ಗಿಸಿದ,
ಮೂರನೆಯ ಬಟ್ಟಲಿಗೆ ಮಾತಿಗೆ ಬಂದ:
"ನೆಲದ ಮೇಲಿಟ್ಟದ್ದು ನಿನ್ನದು,
ನೆಲದೊಳಗೆ ಹೋದದ್ದು ನನ್ನದು.
ಪಾಯ ತೋಡಬೇಡ."
ನನ್ನ ರೆಸಿಡೆಂಟ್ ಕಾರ್ಡಿನಲ್ಲೂ
ಇಷ್ಟು ಸ್ಪಷ್ಟವಾಗಿ ಬರೆದಿಲ್ಲ.

ಬಂದರಿನ ಬೇಲಿಯ ಬುಡದಲ್ಲಿ ಬಿಸಾಡಿದ ಪ್ಯಾಲೆಟ್ಟುಗಳು.
ಮೊಳೆ ಕಿತ್ತರೆ ಹಲ್ಲು ಕಿತ್ತ ಸದ್ದು.
ಹಲಗೆಯ ಮಗ್ಗುಲಲ್ಲಿ ಸುಟ್ಟ ಮುದ್ರೆ,
ಓದಲು ಬಾರದ ಯಾವುದೋ ಮಂಜಿನ ಊರು.
ಕೊಯ್ದಾಗ ರಾಳ ಒಸರಿತು;
ನಲವತ್ತಾರು ಡಿಗ್ರಿಯಲ್ಲಿ
ಆ ಮರವೂ ಬೆವರಲು ಕಲಿಯುತ್ತಿತ್ತು,
ಮೊದಲ ವರ್ಷ ನಾನು ಕಲಿತ ಹಾಗೆ.

ಏಳು ಶುಕ್ರವಾರ ಹೋದವು.
ಬಲಿಪೂಜೆ ತಪ್ಪಿಸಿದ್ದಕ್ಕೆ ಪಾದ್ರಿಗಳು
"ಯೇಸು ಬಡಗಿಯ ಮಗನೆಂದು ನೆಪ ಹೇಳಬೇಡ" ಎಂದರು.
ಹೇಳಬೇಕೆಂದಿದ್ದೆ.

ಲೆಕ್ಕ ಬರೆದವಳು ಸೆವ್ರಿನ್:
ಪಿಕಪ್ಪಿಗೆ ಮೂರು, ಸ್ಕ್ರೂ ಹನ್ನೊಂದು,
ಬಿಜಾಗರಿ ನಾಲ್ಕು, ತಗಡು ಇಪ್ಪತ್ತೆಂಟು,
ಬಣ್ಣ ಹದಿನಾಲ್ಕು, ಕರೆಂಟಿನ ಗರಗಸ ಮೂವತ್ತೇಳು.
ಹೆಬ್ಬೆರಳ ಉಗುರು ಒಂದು, ಅದನ್ನು ಸೇರಿಸಲಿಲ್ಲ.
ಒಟ್ಟು ತೊಂಬತ್ತೇಳು.
ಏನೂ ಅನ್ನಲಿಲ್ಲ ಅವಳು,
ಅಡಿಗೆರೆ ಮಾತ್ರ ಎರಡು ಸಲ ಎಳೆದಳು.

ಜೂನಿನಲ್ಲಿ ಗಾಳಿ ಎದ್ದಿತು.
ನಾಲ್ಕು ಸಿಮೆಂಟು ಬ್ಲಾಕುಗಳ ಮೇಲೆ ನಿಂತಿದ್ದ ನನ್ನ ಶೆಡ್ಡು
ರಾತ್ರಿ ಕಳೆಯುವುದರೊಳಗೆ ಒಂದು ಗೇಣು ನಡೆದಿತ್ತು.
ಪಕ್ಕದ ಓಣಿಯ ಸೂಡಾನಿ ಡಾಕ್ಟರರು ಕೊಂಡು ತಂದದ್ದು
ನಿಂತಲ್ಲೇ ನಿಂತಿತ್ತು. ಸತ್ಯ ಹೇಳಬೇಕು.

ಮರಳು ತುಂಬಿ ಒಳಗೆ ಆರು ಚೀಲ ಪೇರಿಸಿದೆ.
ಸೆವ್ರಿನ್ ತನ್ನ ಪಾಡಿಗೆ ತಾನು
ಮೂಲೆಯ ಕಂಬದ ಬುಡದಲ್ಲಿ
ಬಸಳೆಯ ತುಂಡೊಂದು ಊರಿದಳು,
ಊರಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು.
ಅಕ್ಟೋಬರಿನ ಹೊತ್ತಿಗೆ ಅದು ಹಲಗೆ ಹಿಡಿದು, ತಗಡು ಹತ್ತಿ,
ಮಂಜಿನ ಊರಿನ ಹೆಸರಿನ ಮೇಲೆ ಎಲೆ ಹರಡಿ ಕೂತಿತ್ತು.
ಮುಂದಿನ ಗಾಳಿಗೆ ಶೆಡ್ಡು ಮಿಸುಕಲಿಲ್ಲ.
ಮರಳೋ, ಬಸಳೆಯೋ,
ನಾವಿಬ್ಬರೂ ಆ ಚರ್ಚೆಗೆ ಹೋಗಿಲ್ಲ.

ಬಾಡಿಗೆಗೆಂದು ಬಂದ ಖಲ್ಫಾನ ಒಂದು ಸುತ್ತು ಹಾಕಿದ,
ಬಾಗಿಲು ನೂಕಿದ.
"ಅಂಗಡಿಯದ್ದು ಮುಚ್ಚುತ್ತದೆ," ಅಂದ.
ಬಗ್ಗಿ ಬಳ್ಳಿಯ ಬುಡ ನೋಡಿದ.
ಬೇರು ಅವನದು, ಕಂಬ ನನ್ನದು,
ನಡುವಿನದಕ್ಕೆ ಕರಾರಿರಲಿಲ್ಲ.
ಸೆವ್ರಿನ್ ಒಂದು ಕಟ್ಟು ಕೊಯ್ದು ಕೊಟ್ಟಳು,
ಒಣ ಸಿಗಡಿ ಹಾಕಿ ಬೇಯಿಸಬೇಕೆಂದು
ಹಿಂದಿ, ಅರಬಿ, ಕೈಸನ್ನೆ ಮೂರೂ ಬೆರೆಸಿ ಹೇಳಿದಳು.
ಕಾರಿನ ಮುಂದಿನ ಸೀಟಿನಲ್ಲಿ
ಅದನ್ನು ಕೂರಿಸಿಕೊಂಡು ಹೋದ.

ಈಗ ಕತ್ತಲಾದ ಮೇಲೆ ಒಳಗೆ ನಿಂತರೆ
ಹಲಗೆಯ ಸಂದಿಯಲ್ಲಿ
ನನ್ನ ಕ್ರೇನಿನ ಕೆಂಪು ದೀಪ ಕಾಣುತ್ತದೆ.
ಸೆವ್ರಿನ್ ಪಿಕಾಸಿ ಒಳಗಿಟ್ಟು
ಬಾಗಿಲನ್ನು ಚೂರು ಮೇಲೆತ್ತಿ,
ಸೊಂಟದಿಂದ ಒಮ್ಮೆ ಒತ್ತಿ ಮುಚ್ಚುತ್ತಾಳೆ.
ಆ ಉಪಾಯ
ನಾನು ಹೇಳಿಕೊಟ್ಟದ್ದಲ್ಲ.