ರದ್ದಿ ಹಾಳಿ

ಬೆಟಗೇರಿಯ ಈ ಪ್ರೆಸ್ಸಿನಾಗ
ಬರೋ ವರ್ಷ ಎಲ್ಲಾರಿಗಿಂತ ಮೊದಲ ನಮಗ ಬರತೈತಿ.
ದಸರಾಕ್ಕ ಜನವರಿ ಜೋಡಿಸಿರತೀವಿ,
ದೀಪಾವಳಿ ಹೊತ್ತಿಗೆ ಯುಗಾದಿ ಮ್ಯಾಲ
ತಗಡಿನ ಪಟ್ಟಿ ಬಡದಿರತೀವಿ.
ನಮ್ಮ ಇವತ್ತು ಮಾತ್ರ
ರಾತ್ರಿ ಹತ್ತಾದರೂ ಮುಗಿಯಂಗಿಲ್ಲ.

ಎಂಟಕ್ಕ ಒಂದು ಪ್ಲೇಟ್ ಗಿರ್ಮಿಟ್, ಅರ್ಧ ಕಪ್ ಚಾ.
"ತಿನ್ರಿ, ಮನಿ ಮಂದಿ ಇದ್ದಂಗ ನೀವು," ಅಂತಾರ ಸಾಹುಕಾರ್ರು.
ಮನಿ ಮಂದಿ ತಾಸಿನ ಲೆಕ್ಕ ಕೇಳತಾರೇನು?

ಆಯುಧ ಪೂಜಿ ದಿನ
ಕಟಿಂಗ್ ಮಷೀನಿಗೆ ವಿಭೂತಿ ಬಡದು ಗ್ವಾಡಿ ಒರಸಾಕತ್ತಿದ್ದೆ.
ಫ್ರೇಮಿನ ಗಾಜಿನ ಮ್ಯಾಲ ಹನ್ನೊಂದು ವರ್ಷದ ಮೈದಾ ಅಂಟು.
ಹಸಿ ಅರಿವಿಗೆ ಅಕ್ಷರ ಒಂದೊಂದ ಮಾರಿ ತೋರಿಸಿದವು:
ದಿನಕ್ಕ ಒಂಬತ್ತು ತಾಸು ದಾಟಿದರ,
ವಾರಕ್ಕ ನಲವತ್ತೆಂಟು ದಾಟಿದರ,
ದಾಟಿದ ತಾಸಿಗೆ ಕೂಲಿ ಎರಡರಷ್ಟು.
ಎರಡರಷ್ಟು.
ಬಟ್ಟ ಇಟ್ಟು ಮತ್ತ ಓದಿದೆ.
ಇಷ್ಟು ವರ್ಷ ಇದನ್ನ ಯಾವುದೋ ದೇವರ ಸ್ತೋತ್ರ ಅಂತ
ಊದಿನಕಡ್ಡಿ ಬೆಳಗಿದ್ದೆ ನಾನು.

ಅದೇ ವಾರ ಮೌಲಾಲಿಯ ಆಫ್‌ಸೆಟ್‌ನಿಂದ
ಒಂದು ಹಾಳಿ ಕೆಟ್ಟು ಬಂತು.
ನವೆಂಬರ್ ಮ್ಯಾಲ ನವೆಂಬರ್ ಬಿದ್ದು
ತಾರೀಖೆಲ್ಲಾ ಎರಡೆರಡು,
ಕಣ್ಣಿಗೆ ಪೊರಿ ಬಂದವರು ಕಂಡಂಗ.
"ಒಗೀಬ್ಯಾಡೋ ತಮ್ಮಾ," ಅಂದೆ.
ಮಡಚಿ ಬುತ್ತಿ ಚೀಲದಾಗ ಇಟ್ಟೆ.
ಮುಂದಿನ ವರ್ಷದ್ದು, ವಾರ ಹೊಂದಂಗಿಲ್ಲ.
ತಾರೀಖು ಸಾಕು ನನಗ.

ಚೌಕದಾಗ ಪೆನ್ಸಿಲ್‌ಲೆ ಬರಕೋತ ಹೋದೆ:
ಮೂರಕ್ಕ ಮೂರು ತಾಸು. ನಾಕಕ್ಕ ನಾಕೂವರಿ.
ಹದಿಮೂರಕ್ಕ ಮಗಳಿಗೆ ಜ್ವರ; ಆದರೂ ಎರಡು.
ಇಪ್ಪತ್ತಕ್ಕ ಕರೆಂಟ್ ಹೋಗಿ
ಕತ್ತಲದಾಗ ಸುಮ್ಮನ ಕುಂತದ್ದು ಒಂದು ತಾಸು.
ಅದನ್ನ ಬರೀಬೇಕೋ ಬ್ಯಾಡೋ?
ಮಡಚೋ ಟೇಬಲ್ಲಿನ ಜುಬೇದಾನ ಕೇಳಿದೆ.
"ಮನಿಗೆ ಬಿಟ್ಟಿದ್ರೇನು?" ಅಂದಳು.
ಬರದೆ.

ಡಿಸೆಂಬರ್ ಏಳು, ಪಗಾರದ ದಿನ.
ಗುರುಪಾದಪ್ಪ ಕಾರಕೂನ ಚಾಳೀಸ ಏರಿಸಿ
ಹಾಳಿ ತಿರುಗ್ಯಾಡಿಸಿ ನೋಡಿದ,
ಬೆಳಕಿಗೆ ಹಿಡದ, ಪೆನ್ಸಿಲ್ ಗೆರಿ ಉಗುರಿಲೆ ಕೆರದ.
ನನ್ನ ಹಿಂದ ಬೈಂಡಿಂಗಿನ ಹೆಣ್ಣಮಕ್ಕಳ ಪಾಳಿ,
ಯಾರೂ ಕೆಮ್ಮಲಿಲ್ಲ.

"ಏನಬೇ ಇದು ರದ್ದಿ ತಂದೀ?
ಎಲ್ಲಾ ಎರಡೆರಡು ಸಲ ಬಿದ್ದೈತಿ."

ಹೌದ್ರಿ, ಅಂದೆ.
ಹಂಗ ಕೊಡ್ರಿ.